ದೊಡ್ಡಪ್ಪನ ಕೈಗೆ ಪ್ಲೇಟು ಹಾಕಿದ್ದು

ನಮ್ಮ ದೊಡ್ಡಪ್ಪನಂಥ ಮೆಕ್ಯಾನಿಕ್ಕು ಇಡೀ ಲಷ್ಕರ್ ಮೊಹಲ್ಲಾದಲ್ಲೇ ಇರಲಿಲ್ಲ. ಅವರದು ಬಟ್ಟೆ ಅಂಗಡಿ, ಆ ಮಾತು ಬೇರೆ! ರಿಪೇರಿಗೆ ಅವರು ಬಳಸುತ್ತಿದ್ದ ಹತ್ಯಾರು ಒಂದೇ: ಬಲಗೈ. ರೇಡಿಯೋ ಗೊರಗೊರ ಅಂದರೆ ಒಂದು ಗುದ್ದು, ವಾರ್ತೆ ಬರುತ್ತಿತ್ತು. ಗೋಡೆ ಗಡಿಯಾರ ನಿಂತರೆ ಒಂದು ಗುದ್ದು. ಓಡುತ್ತಿತ್ತು, ಕೆಲವು ಸಲ ಹಿಂದಕ್ಕೆ!

ಅರವತ್ತರ ದಶಕದ ಶುರುವಿನಲ್ಲಿ, ಬನ್ನಿಮಂಟಪದ ಹತ್ತಿರ ಅವರ ಸ್ನೇಹಿತರ ಹಳೇ ಕಾರು ಕೆಟ್ಟು ನಿಂತಿತು. ದೊಡ್ಡಪ್ಪ ಬಿಡುತ್ತಾರೆಯೇ? "ಸರ್ಕೊಳ್ರೀ" ಎಂದವರೇ ಬಾನೆಟ್ಟಿಗೆ ಗುದ್ದಿದರು. ಕಾರು ಹೊರಟಿತು. ನೆಟ್ಟಗೆ ಆಸ್ಪತ್ರೆಗೇ! ದೊಡ್ಡಪ್ಪನ ಅಂಗೈಯ ಎರಡು ಮೂಳೆ ಮುರಿದಿದ್ದವು.

"ಮೂಳೆ ಜರುಗಿದೆ ಯಜಮಾನ್ರೇ. ಬರೀ ಕಟ್ಟು ಸಾಲದು. ಪ್ಲೇಟು ಇಟ್ಟು ಸ್ಕ್ರೂ ಬಿಗೀಬೇಕು" ಎಂದರು ಡಾಕ್ಟರು.

"ಪ್ಲೇಟಾ? ನಮ್ಮನೇಲಿ ಬೆಳ್ಳೀದೇ ಐತೆ, ತರಿಸ್ಲಾ?"

"ಊಟದ ಪ್ಲೇಟಲ್ಲ, ಉಕ್ಕಿನ ಸಣ್ಣ ಪಟ್ಟಿ."

"ಸ್ಕ್ರೂ ಸಡಿಲ ಆಗ್ಬುಟ್ರೆ?"

ಪಕ್ಕದಲ್ಲಿದ್ದ ದೊಡ್ಡಮ್ಮ, "ಡಾಕ್ಟ್ರೇ, ಕೈ ಜೊತೆಗೆ ತಲೇದೂ ಒಂಚೂರು ಬಿಗಿದ್ಬುಡಿ" ಎಂದರು. ತಮಾಷೆಯೇನೋ ಸರಿ, ಬೆರಳು ಮಡಚಲಾಗದೆ ಹೋದರೆ ಬಟ್ಟೆ ಅಳೆದು ಹರಿಯುವುದು ಹೇಗೆಂದು ಇಬ್ಬರ ಮುಖವೂ ಬಾಡಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲೆ ದೊಡ್ಡಪ್ಪನ ಜಂಭ ನೋಡಬೇಕಿತ್ತು! ಸೀರೆ ಕೊಳ್ಳಲು ಬಂದವರಿಗೂ "ಒಳಗೆ ಉಕ್ಕು ಕಣಮ್ಮ" ಎಂದು ಹೊಲಿಗೆಯ ಗುರುತು ತೋರಿಸುತ್ತಿದ್ದರು. ಗುಡುಗಿದರೆ ಮಾತ್ರ, ಸಿಡಿಲು ಉಕ್ಕನ್ನು ಹುಡುಕಿಕೊಂಡು ಬರುತ್ತದೆಂದು ಬಲಗೈಯನ್ನು ಅಕ್ಕಿ ಮೂಟೆಯೊಳಗೆ ತೂರಿಸಿ ಕೂರುತ್ತಿದ್ದರು. ಆ ದಿನಗಳಲ್ಲಿ ಅನ್ನ ಮಾಡಬೇಕಾದರೆ ಮಳೆ ನಿಲ್ಲಬೇಕು!

ಕೈ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ದೊಡ್ಡಪ್ಪನಿಗೆ ಊಟದ ಹೊತ್ತಿಗೆ ಸರಿಯಾಗಿ ನೋವು ಬರುತ್ತಿತ್ತು. ದೊಡ್ಡಮ್ಮನೇ ಕಲಸಿ ತಿನ್ನಿಸಬೇಕು. ಒಂದು ಮಧ್ಯಾಹ್ನ ನಾನು ಹೋದಾಗ ದೊಡ್ಡಪ್ಪ ಹಿತ್ತಲ ಬಾವಿಯಿಂದ ಎರಡೂ ಕೈಯಲ್ಲಿ ನೀರು ಸೇದುತ್ತಿದ್ದರು! ಅದೇ ಮನುಷ್ಯ ಒಳಗೆ ಬಂದು, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ಕೂತರು. ನಾನು ಬಾವಿಯ ವಿಷಯ ಹೇಳಿಬಿಡುವುದರಲ್ಲಿದ್ದೆ. ದೊಡ್ಡಮ್ಮ ಮೆಲ್ಲಗೆ ನನ್ನ ಕೈ ಚಿವುಟಿ, "ಸುಮ್ಕಿರು ಮಗಾ, ನಂಗೂ ಗೊತ್ತು" ಎಂದರು.

ಮದುವೆಯಾದಾಗಿನಿಂದ ದೊಡ್ಡಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ಒಬ್ಬರೇ ಅಡಿಗೆಮನೆಯಲ್ಲಿ ಕೂತು ಉಣ್ಣುತ್ತಿದ್ದವರು. ಈಗ ಗಂಡನ ಎದುರು ಕೂತಿದ್ದರು. ದೊಡ್ಡಪ್ಪ ಎರಡು ತುತ್ತು ತಿಂದು, ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡರು.

"ಇದು ನಿಂಗೆ ಕಣೇ. ಬಿಸಿ ಇದ್ದಾಗ್ಲೇ ತಿನ್ನು."