ಕಾಲುಚೀಲದಲ್ಲಿ ಡೋಲು ಬಾರಿಸಿದ್ದು

ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಲಿಟಲ್ ಇಂಡಿಯಾದ ಹತ್ತಿರ, ಹಳೆಯ ಶಾಪಿಂಗ್ ಕಾಂಪ್ಲೆಕ್ಸೊಂದರ ನಾಲ್ಕನೇ ಮಹಡಿಯಲ್ಲಿ, ಜಪಾನಿ ವಿಡಿಯೊ ಗೇಮ್ ಆರ್ಕೇಡಿನೊಳಗೆ ಬರೀ ಕಾಲುಚೀಲದಲ್ಲಿ ನಿಂತಿದ್ದೆ. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನದ ಎಂಜಿನ್ ಪರೀಕ್ಷಿಸಿ ವರದಿ ಬರೆಯುವವನು ನಾನು. ಕಂಡದ್ದನ್ನು ಕಂಡ ಹಾಗೆ ಬರೆಯುವುದೊಂದೇ ನನಗೆ ಬರುವುದು.

ಹೆಂಡತಿ ತನ್ನ ತಾಯಿಯ ಆರೈಕೆಗೆಂದು ಮೈಸೂರಿಗೆ ಹೋಗಿ ಎರಡು ತಿಂಗಳಾಗಿತ್ತು. ಮಗಳು ಅನಘಾ ಕಾಲೇಜಿನವಳು. ಶನಿವಾರ ಬಂತೆಂದರೆ "ಗ್ರೂಪ್ ಸ್ಟಡಿ ಇದೆ ಅಪ್ಪಾ" ಎಂದು ಹೊರಟುಬಿಡುವಳು. ಉಳಿಯುವುದು ನಾನು ಮತ್ತು ಫ್ರಿಜ್ಜು. ಅದಾದರೂ ಆಗಾಗ ಗುರ್ ಎನ್ನುತ್ತದೆ. ಆ ದಿನ ಅದೂ ಸುಮ್ಮನಾದಾಗ, ಸಹೋದ್ಯೋಗಿಯೊಬ್ಬ ಹೇಳಿದ್ದ ಈ ಗುಟ್ಟಿನ ಜಾಗ ಹುಡುಕಿಕೊಂಡು ಹೊರಟೆ. ಬೋರ್ಡಿಲ್ಲ, ಟೈಲರ್ ಅಂಗಡಿಯ ಪಕ್ಕ ಜಪಾನಿ ಅಕ್ಷರದ ನೀಲಿ ಪರದೆ ಮಾತ್ರ. ಹೊಸ್ತಿಲು, ಪರದೆ ಕಂಡರೆ ನಮ್ಮವರ ಕಾಲು ತಾನಾಗಿ ಕೆಲಸ ಮಾಡುತ್ತದೆ. ಶೂ ಬಿಚ್ಚಿ ಗೋಡೆಗೆ ಒತ್ತಿಸಿಟ್ಟು ಒಳಹೊಕ್ಕೆ. ಒಳಗಿದ್ದವರೆಲ್ಲ ಶೂ ಹಾಕಿದ್ದರು. ತಿರುಗಿ ಹೋಗಲು ನಾಚಿಕೆಯಾಗಿ, ಎದುರಿಗಿದ್ದ ಡೋಲಿನ ಯಂತ್ರಕ್ಕೆ ಕಾರ್ಡ್ ತೋರಿಸಿದೆ. ಎರಡು ಡೋಲು, ಎರಡು ಜೊತೆ ಕೋಲು. "ಎರಡನೇ ಆಟಗಾರರು ಬರುತ್ತಾರೆಯೇ?" ಎಂದು ಸ್ಕ್ರೀನಿನಲ್ಲಿ ಕೇಳಿ, ಯಂತ್ರ ಇಪ್ಪತ್ತರಿಂದ ಹಿಂದಕ್ಕೆ ಎಣಿಸತೊಡಗಿತು. ನಿನ್ನ ಜೊತೆ ಯಾರೂ ಇಲ್ಲವೇ ಎಂದು ಈ ಊರಿನಲ್ಲಿ ನನ್ನನ್ನು ವಿಚಾರಿಸಿದ್ದು ಅದೊಂದೇ.

"ಏ, ಆ ಅಂಕಲ್ ನೋಡು, ಶೂನೇ ಇಲ್ಲ ಲಾ!" ಹಿಂದಿನಿಂದ ಹುಡುಗಿಯೊಬ್ಬಳು ಈ ಊರಿನ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ತಿರುಗಿದೆ. ಮೂವರು ಗೆಳತಿಯರ ನಡುವೆ ಅನಘಾ.

ಕಣ್ಣು ಕಣ್ಣು ಸೇರಿತು. 'ಅಪ್ಪಾ' ಎನ್ನುತ್ತಾಳೆಂದು ಕಾದೆ. ಹನ್ನೊಂದು, ಹತ್ತು. "ಯಾರೋ ಪಾಪ, ಒಬ್ಬರೇ ಬಂದಿದ್ದಾರೆ" ಎಂದಳು ಗೆಳತಿಯರಿಗೆ. ನಾನು ಸ್ಕ್ರೀನಿನ ಕಡೆ ತಿರುಗಿಕೊಂಡೆ. ಅವಳ ಮಾನ ಉಳಿಸಲು ನನ್ನಿಂದಾಗುವುದು ಅಷ್ಟೇ. ನಾಲ್ಕು, ಮೂರು. ಪಕ್ಕದ ಕೋಲುಗಳನ್ನು ಯಾರೋ ಎತ್ತಿಕೊಂಡರು.

"ಅಂಕಲ್, ಕ್ಯಾನ್ ಐ ಜಾಯಿನ್?" ಗಟ್ಟಿಯಾಗಿ ಕೇಳಿದಳು ಅನಘಾ. ಡೋಲು ಶುರುವಾದ ಮೇಲೆ, ತುಟಿ ಅಲುಗದಂತೆ: "ಕೆಂಪು ಬಂದ್ರೆ ಮಧ್ಯಕ್ಕೆ ಹೊಡಿ, ನೀಲಿ ಬಂದ್ರೆ ಅಂಚಿಗೆ. ಕಾಲ್ಚೀಲ ಬೇರೆ ತೂತು, ದೇವ್ರೇ!"

"ಇದೇನಾ ಗ್ರೂಪ್ ಸ್ಟಡಿ?"

"ಮಾತಾಡ್ಬೇಡ ಅಪ್ಪಾ. ನೀಲಿ, ನೀಲಿ!"

ಹಾಡು ಎರಡು ನಿಮಿಷದ್ದು. ಎರಡು ತಿಂಗಳಲ್ಲಿ ಇಷ್ಟು ಹೊತ್ತು ನಾವು ಅಕ್ಕಪಕ್ಕ ನಿಂತದ್ದಿಲ್ಲ. ಸೋತೆವು, ನನ್ನಿಂದಾಗಿ. "ಥ್ಯಾಂಕ್ಯೂ ಅಂಕಲ್" ಎಂದು ಅವಳು ಹೋದಳು. "ವೆಲ್ಕಮ್ ಮಾ" ಎಂದೆ, ಅಪರಿಚಿತನಿಗೆ ತಕ್ಕ ಗಾಂಭೀರ್ಯದಿಂದ.

ಮನೆಯಲ್ಲಿ ಇಬ್ಬರೂ ಈ ವಿಷಯ ಎತ್ತಿಲ್ಲ. ನಾಳೆ ಮತ್ತೆ ಶನಿವಾರ; ನಾನೂ ಬರಲೇ ಎಂದು ಕೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ಕಂಡವರು ಮೂವರು ಗೆಳತಿಯರು, ಕೌಂಟರಿನ ಚೀನೀ ಆಂಟಿ, ಮತ್ತು ಅನಘಾ. ಎಲ್ಲರೂ ಬದುಕಿದ್ದಾರೆ. ಆ ಅಂಕಲ್ ಯಾರೆಂದು ಬಲ್ಲವಳು ಒಬ್ಬಳೇ. ಅವಳು ಸಾಕ್ಷಿ ಹೇಳುವುದಿಲ್ಲ.