ಮಾವನ ಎರಡನೇ ಕಾಶಿಯಾತ್ರೆ

ನಮ್ಮ ಮಾವನಿಗೆ ವಯಸ್ಸಾಗಿಲ್ಲ. ಆಗಿದೆ ಅಂತ ಮನೆಯವರೆಲ್ಲ ಸೇರಿ ಸುಳ್ಳು ಸುದ್ದಿ ಹಬ್ಬಿಸಿದ್ದೀವಿ ಅನ್ನೋದು ಅವರ ಬಲವಾದ ನಂಬಿಕೆ. ಆಧಾರ್ ಕಾರ್ಡು ತೆಗೆದು ತೋರಿಸಿದರೆ, "ಇದರಲ್ಲಿ ನನ್ನ ಮುಖಾನೇ ಸರಿಯಾಗಿಲ್ಲ, ಹುಟ್ಟಿದ ವರ್ಷ ಮಾತ್ರ ಸರಿಯಾಗಿರತ್ತಾ?" ಅಂತ ನಮ್ಮನ್ನೇ ಕೇಳ್ತಾರೆ.

ಮಾವ ಅಂದ್ರೆ ನನ್ನ ಸೋದರತ್ತೆಯ ಗಂಡ. ಅಗ್ನಿಶಾಮಕ ದಳದಲ್ಲಿದ್ದವರು. ಹೊಗೆ ತುಂಬಿದ ಗೋಡೌನಿನಿಂದ ಇಬ್ಬರನ್ನ ಹೆಗಲ ಮೇಲೆ ಹೊತ್ತು ತಂದ ಕಥೆ, ಬಾವಿಗೆ ಬಿದ್ದ ಎಮ್ಮೆಗೆ ಹಗ್ಗ ಕಟ್ಟೋಕೆ ತಾವೇ ಇಳಿದ ಕಥೆ, ಇವನ್ನ ಕೇಳ್ತಾನೇ ನಾವು ಚಿಕ್ಕವರಿದ್ದಾಗ ತುತ್ತು ನುಂಗಿದ್ದು. ಹೇಳಿದಾಗೆಲ್ಲ ಬಾವಿ ಒಂದೊಂದು ಮಾರು ಆಳವಾಗ್ತಿತ್ತು. ಎಮ್ಮೆ ಮಾತ್ರ ಇದ್ದಷ್ಟೇ ಇತ್ತು, ಅದೊಂದು ಸಮಾಧಾನ.

ಇಂಥವರನ್ನ ರಿಟೈರ್ ಆಯ್ತು, ಎನ್.ಆರ್. ಕಾಲೋನಿ ಮನೆಯ ಜಗಲಿ ಮೇಲೆ ಪೇಪರ್ ಓದ್ಕೊಂಡು ಕೂತ್ಕೊಳ್ಳಿ ಅಂದ್ರೆ ಕೂರ್ತಾರಾ? ಮದುವೆಗೆ ಕರೆದರೆ ಗಂಡುಹೆಣ್ಣನ್ನ ನೋಡೋಕೆ ಮುಂಚೆ ಅಡುಗೆಮನೆಯ ಸಿಲಿಂಡರ್ ನೋಡೋಕೆ ಹೋಗ್ತಾರೆ. ಒಂದು ಸಲ ಸಿಲಿಂಡರ್‌ಗಳನ್ನೆಲ್ಲ ಹೊರಗೆ ಸಾಗಿಸೋವರೆಗೂ ಒಲೆ ಹಚ್ಚೋಕೇ ಬಿಡಲಿಲ್ಲ. ತಾಳಿ ಕಟ್ಟಿದ್ದು ಹನ್ನೊಂದಕ್ಕೆ, ಎಲೆ ಹಾಕಿದ್ದು ಮೂರಕ್ಕೆ! ಅಡುಗೆಯವರು ಸೌಟು ಹಿಡ್ಕೊಂಡು ಬಂದು "ಈ ಯಜಮಾನ್ರು ಯಾರ ಕಡೆಯವ್ರು?" ಅಂದಾಗ, ಗಂಡಿನ ಕಡೆಯವರಾದ ನಾವೆಲ್ಲ ಒಟ್ಟಿಗೆ ಹೆಣ್ಣಿನ ಕಡೆ ಕೈ ತೋರಿಸಿದ್ವಿ.

ಅರವತ್ತೆಂಟಕ್ಕೆ ಹಕ್ಕಿ ಹುಚ್ಚು ಹಿಡೀತು. ಕೋಗಿಲೆ ಮರಿಗೆ ಕಾಗೆ ತುತ್ತು ಕೊಡತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ನೋಡಿದವರು ಯಾರಿದ್ದಾರೆ ಅಂತ ಇವರ ಪ್ರಶ್ನೆ. ಪಕ್ಕದ ಮನೆ ಮಾವಿನ ಮರ ಹತ್ತಿಯೇ ಬಿಟ್ರು. ಕಾಗೆ ಸುಮ್ಮನಿರತ್ತಾ? ನೆತ್ತಿಗೆ ಅರಿಶಿನ ಮೆತ್ತಿಸಿಕೊಂಡು ಕೂತಿದ್ದರೂ ಮುಖದಲ್ಲಿ ಗೆದ್ದ ಕಳೆ. "ನಿಜ ಕಣೋ, ಕೊಡತ್ತೆ. ಕಣ್ಣಾರೆ ನೋಡ್ದೆ." ಕಾಗೆ ತಲೆ ಮುಟ್ಟಿದ್ದು ಅಪಶಕುನ ಅಂತ ಅತ್ತೆ ಮಾತ್ರ ಶನಿದೇವರ ಗುಡಿಗೆ ಎಳ್ಳೆಣ್ಣೆ ತಗೊಂಡು ಓಡಿದ್ರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಮಾವನ ತಲೆಗೆ ವೃಷಭಾವತಿ ಹೊಕ್ಕಳು. ಆ ಹೊಳೆಯ ಗುಂಟ ನಡೆದು, ಅದು ಕನಕಪುರದ ಕಡೆ ಅರ್ಕಾವತಿಗೆ ಸೇರೋದನ್ನ ನೋಡಬೇಕಂತೆ.

"ಆ ಮೋರಿನಾ?" ಅಂದ ಅವರ ಮಗ.

"ಮೋರಿ ಮಾಡಿದ್ದು ನಾವು ಕಣೋ. ದೊಡ್ಡ ಬಸವಣ್ಣನ ಪಾದದಡಿ ಹುಟ್ತಾಳೆ ಅಂತಾರೆ. ಬುದ್ಧಿ ಬಂದಾಗಿಂದ ಆ ಬಸವಣ್ಣನಿಗೆ ಕೈ ಮುಗೀತಿದೀನಿ. ಹುಟ್ಟಿದವಳು ಎಲ್ಲಿಗೆ ಹೋದ್ಲು ಅಂತ ಒಂದು ದಿನ ವಿಚಾರಿಸಿದೀನಾ? ಕಾಲಲ್ಲಿ ಕಸುವು ಇರೋದು ಇನ್ನೊಂದೆರಡು ವರ್ಷ. ಆಮೇಲೆ ನೀವು ಕೂರ್ಸಿದ ಕಡೆ ಕೂರ್ತೀನಿ."

ಸಕ್ಕರೆ ಕಾಯಿಲೆ, ಮೇಲೆ ಬಿಸಿಲು. ದಾರೀಲಿ ಬಿದ್ದರೆ ಯಾರಪ್ಪ ಹೊಣೆ? ಮಗ ಅವರ ಕ್ಯಾನ್‌ವಾಸ್ ಶೂ, ಕೋಲು, ಛತ್ರಿ, ಹೆಗಲ ಚೀಲ ನಾಲ್ಕನ್ನೂ ಅಟ್ಟದ ಮೇಲೆ ಹಾಕಿ ಏಣೀನ ನಮ್ಮ ಮನೆಗೆ ತಂದಿಟ್ಟ. ಜೀವಮಾನವಿಡೀ ಏಣಿ ಹತ್ತಿದ ಮನುಷ್ಯನಿಂದ ಏಣಿ ಕಿತ್ಕೊಂಡ್ವಿ! ನಾನೂ ಅದರಲ್ಲಿ ಪಾಲುದಾರ, ಈಗ ಹೇಳೋಕೆ ನಾಚಿಕೆಯಾಗತ್ತೆ. ಮಾವ ಜಗಳ ಆಡಲಿಲ್ಲ. ಊಟಕ್ಕೆ ಕೂತರೆ ಎಮ್ಮೆ ಕಥೆ ಹೇಳೋದು ನಿಲ್ಲಿಸಿದ್ರು, ಅಷ್ಟೇ.

ಮನಸ್ಸಿಗೆ ಸ್ವಲ್ಪ ಗೆಲುವಾಗಲಿ ಅಂತ ಎಪ್ಪತ್ತರ ಭೀಮರಥ ಶಾಂತಿಯನ್ನ ಬಸವನಗುಡಿಯ ಒಂದು ಛತ್ರದಲ್ಲಿ ಜೋರಾಗಿ ಇಟ್ಕೊಂಡ್ವಿ. ಅತ್ತೆಗೆ ಮತ್ತೆ ತಾಳಿ ಕಟ್ಟಬೇಕಲ್ಲ, ಅದಕ್ಕೆ ಫೋಟೋಗ್ರಾಫರ್ ಒಂದು ಐಡಿಯಾ ಕೊಟ್ಟ. "ಕಾಶಿಯಾತ್ರೆನೂ ಮಾಡ್ಸಿ ಸಾರ್, ಫೋಟೋ ಸೂಪರಾಗಿ ಬರತ್ತೆ." ಮದುವೆಗೆ ಮುಂಚೆ ಗಂಡು ಸಂಸಾರ ಬೇಡ ಅಂತ ಕಾಶಿಗೆ ಹೊರಟ ಹಾಗೆ ನಾಲ್ಕು ಹೆಜ್ಜೆ ಹಾಕೋದು, ಹೆಣ್ಣಿನ ಕಡೆಯವರು ತಡೆದು, ಹುಡುಗಿ ಕೊಡ್ತೀವಿ ಬನ್ನಿ ಅಂತ ವಾಪಸ್ ಕರೆಯೋದು, ಆ ಶಾಸ್ತ್ರ. "ಭೀಮರಥಕ್ಕೆ ಇದೆಲ್ಲಿಂದ ಬಂತು ಸ್ವಾಮಿ?" ಅಂದ ಪುರೋಹಿತರು, ಸೊಸೆಯ ಉತ್ಸಾಹ ನೋಡಿ "ಸರಿ, ಬೇಗ ಮುಗ್ಸಿ" ಅಂದ್ರು.

ಕಾಶಿಗೆ ಹೊರಡೋನಿಗೆ ಏನೇನು ಬೇಕು? ಛತ್ರಿ, ಕೋಲು, ಪಾದರಕ್ಷೆ, ಜೋಳಿಗೆ. ಹೊಸದು ಯಾಕೆ ತರೋದು ಅಂತ ಮಗ ಏಣಿ ವಾಪಸ್ ತರಿಸಿ ಅಟ್ಟದಿಂದ ಎಲ್ಲ ಇಳಿಸಿದ. ಮೂರು ತಿಂಗಳು ಬಚ್ಚಿಟ್ಟ ಸಾಮಾನನ್ನೆಲ್ಲ ಅರಿಶಿನ ಕುಂಕುಮ ಹಚ್ಚಿ, ಓಲಗ ಊದಿಸಿ, ನಾವೇ ಅವರ ಕೈಗೆ ಕೊಟ್ವಿ! ಬುದ್ಧಿವಂತರು ಅಂದ್ರೆ ನಾವೇ ಸರಿ.

ಮಾವ ಕಚ್ಚೆಪಂಚೆಗೆ ಕ್ಯಾನ್‌ವಾಸ್ ಶೂ ಹಾಕಿ, ಹಣೆಗೆ ಬಾಸಿಂಗ ಕಟ್ಕೊಂಡು ಹೊರಟ್ರು. ತಡೆಯಬೇಕಾದವನು ನಾನು. ಅತ್ತೆಯ ತಮ್ಮನಾಗಿದ್ದ ನಮ್ಮಪ್ಪ ತೀರಿಕೊಂಡಿದ್ದರಿಂದ ಆ ಪದವಿ ನನಗೆ ಬಂದಿತ್ತು. ತೆಂಗಿನಕಾಯಿ ಹಿಡ್ಕೊಂಡು ಮುಂದೆ ಹೋಗ್ತಿದ್ದೆ, ಅತ್ತೆ ನನ್ನ ಶಲ್ಯ ಹಿಡಿದು ಜಗ್ಗಿದ್ರು.

"ತಡೀಬೇಡ ಕಣೋ."

"ಅತ್ತೆ, ಶಾಸ್ತ್ರ ಇದು."

"ಅವತ್ತು ಮದುವೇಲಿ ನಮ್ಮಪ್ಪ ತಡೆದಾಗ ನಾನು ಬಾಗಿಲ ಸಂದೀಲಿ ಇವರ ಮುಖ ನೋಡ್ದೆ. ಉಳಿದವರೆಲ್ಲ ನಗ್ತಿದ್ರು, ಇವರು ದಾರಿ ನೋಡ್ತಿದ್ರು. ನಲವತ್ತಾರು ವರ್ಷ ನಮಗೋಸ್ಕರ ನಿಂತಿದ್ದಾರೆ. ಸಾಕು."

ಮಾವ ಗೇಟಿನವರೆಗೆ ಹೋಗಿ ನಿಂತ್ರು. ಯಾರೂ ಬರಲಿಲ್ಲ. ತಿರುಗಿ ನೋಡಿದ್ರು. "ಏನೋ, ಕರೆಯಲ್ವೇನೋ?" ಅಂದ್ರು. ಸಾವಿರ ಬೆಂಕಿ ನೋಡಿದ ಮನುಷ್ಯನ ದನಿ ಅವತ್ತು ಸಣ್ಣದಾಗಿತ್ತು. ಅತ್ತೆ ಮಂಡಿ ನೋವಿನಲ್ಲೇ ಹತ್ತಿರ ಹೋಗಿ, ಬಾಸಿಂಗ ಬಿಚ್ಚಿ, ಮಾತ್ರೆ ಡಬ್ಬಿನ ಚೀಲಕ್ಕೆ ಹಾಕಿದ್ರು.

"ತಾಳಿ ಕಟ್ಟಿ, ಊಟ ಮುಗ್ಸಿ, ಬಟ್ಟೆ ಬದಲಾಯಿಸ್ಕೊಂಡು ಹೋಗ್ಬನ್ನಿ. ಹೊಳೆ ನೋಡ್ಕೊಂಡು ಬಂದು ನಂಗೆ ಹೇಳಿ."

ಹೋಗಿಯೇ ಬಿಟ್ರು! ಕೆಂಗೇರಿಯಲ್ಲೊಬ್ಬ, ಬಿಡದಿಯಲ್ಲೊಬ್ಬ, ದಾರಿಯುದ್ದಕ್ಕೂ ಅವರ ಕೈಕೆಳಗೆ ಕೆಲಸ ಮಾಡಿದವರ ಮನೆ. ಅಲ್ಲಲ್ಲೇ ಊಟ, ಅಲ್ಲಲ್ಲೇ ನಿದ್ದೆ. ದಿನಾ ಫೋನಿನಲ್ಲಿ ವರದಿ: ಇವತ್ತು ನೊರೆ ಆಳೆತ್ತರ ಇತ್ತು, ಇವತ್ತು ಕೊಕ್ಕರೆ ಕಂಡ್ವು, ಇವತ್ತು ಒಬ್ಬಾಕೆ ರಾಗಿಮುದ್ದೆ ಕೊಟ್ಟು ಹುಚ್ಚನಾ ಅಂತ ಕೇಳಿದ್ಲು. ಅತ್ತೆ ಫೋನನ್ನ ಸ್ಪೀಕರಿಗೆ ಹಾಕಿ ಮನೆಯವರಿಗೆಲ್ಲ ಕೇಳಿಸ್ತಿದ್ರು.

ಐದನೇ ದಿನ ಬೆಳಿಗ್ಗೆ ಫೋನ್ ಬಂತು. "ಸೇರಿದ್ಲು ಕಣೇ. ನನ್ನ ಕಣ್ಣೆದುರಿಗೇ ಅರ್ಕಾವತಿಗೆ ಸೇರ್ತಿದ್ದಾಳೆ." ಆಮೇಲೆ ಬರೀ ನೀರಿನ ಸದ್ದು. ಬಿದ್ದುಬಿಟ್ರಾ ಅಂತ ನಮಗೆ ಭಯ. ಅಷ್ಟರಲ್ಲಿ ದನಿ ಬಂತು. "ಒಬ್ಬನೇ ನೋಡೋಕೆ ಆಗ್ತಿಲ್ಲ ಕಣೇ. ನೀನೂ ಬಾ."

ನಾನು ಕಾರಿನ ಕೀ ಹುಡುಕೋಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಕಾರಿನ ಪಕ್ಕ ನಿಂತಿದ್ರು. ಕಾರು ಕನಕಪುರ ರಸ್ತೆ ಹಿಡೀತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದ್ರು:

"ಮದುವೆಯಾದಾಗಿಂದ ನನಗೆ ಹೋಗ್ಬರ್ತೀನಿ ಅಂತಲೇ ಹೇಳಿದ್ದು ಕಣೋ ಇವರು. ಬಾ ಅಂದಿದ್ದು ಇದೇ ಮೊದಲು."