ಗಡಿಗೆಯೊಳಗಿನ ಅಂಜಿಕೆ

ಅಂಜಿಕೆ ಎಂಬುದು ಬೇರೆಯವರಿಗೆ ಇರುವ ಸಂಗತಿ ಎಂದು ನಾನು ಬಹಳ ಕಾಲ ನಂಬಿದ್ದೆ. ಅದಕ್ಕೆ ನನ್ನ ಉದ್ಯೋಗವೂ ಕಾರಣ. ಗುಡಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದ ನಾನು ವರ್ಗದೊಳಗೆ ಕಾಲಿಟ್ಟರೆ ಸಾಕು, ಗದ್ದಲ ಗಪ್ಪನೆ ನಿಲ್ಲುತ್ತಿತ್ತು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ. ಮಕ್ಕಳು ಏನೆಂದು ತಿಳಿದಿದ್ದರೋ ವಿಚಾರಿಸಲು ಹೋಗಲಿಲ್ಲ. ಮನೆಯಲ್ಲಿ ಹಲ್ಲಿ ಕಂಡಾಗ ಹೆಂಡತಿ ಶಾಂತಾಳನ್ನು ಕೂಗಿ ಕರೆಯುತ್ತಿದ್ದುದು ನಿಜ. ಆದರೆ ಅದು ಅಂಜಿಕೆಯಲ್ಲ, ಕೆಲಸದ ಹಂಚಿಕೆ.

ಇಂಥ ಧೈರ್ಯವಂತನ ಮನೆಗೆ, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ, ತಂಗಿಯ ಮಗಳು ವಿದ್ಯಾ ಬಂದಳು. ಚಿತ್ರಕಲೆ ಕಲಿತವಳು. ಆದರೆ ಅವಳ ಚೀಲದಲ್ಲಿ ಕುಂಚವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. "ಮಾಮಾ, ಈಗಿನ ಮಂದಿ ಯಾತಕ್ಕ ಅಂಜತಾರ ಅನ್ನೂದರ ಮ್ಯಾಲೆ ಒಂದು ಪ್ರದರ್ಶನ ಮಾಡಬೇಕಂತ ಬಂದೇನ್ರಿ" ಎಂದಳು.

"ಮಾಡವ್ವಾ. ಎಷ್ಟ ಅಗಲದ ಗ್ವಾಡಿ ಬೇಕು?"

"ಗ್ವಾಡಿ ಬ್ಯಾಡ್ರಿ. ಗಡಿಗಿ ಬೇಕು."

ಅವಳ ಯೋಜನೆ ಹೀಗಿತ್ತು. ಊರವರು ತಮ್ಮ ತಮ್ಮ ಅಂಜಿಕೆಯನ್ನು ಅವಳ ಮೊಬೈಲಿನಲ್ಲಿ ಹೇಳಬೇಕು. ಹೆಸರು ಹೇಳಬೇಕಾಗಿಲ್ಲ. ಒಂದೊಂದು ಧ್ವನಿಯನ್ನೂ ಒಂದೊಂದು ಮಣ್ಣಿನ ಗಡಿಗೆಯೊಳಗೆ ಸಣ್ಣ ಸ್ಪೀಕರಿನಲ್ಲಿಟ್ಟು, ಕತ್ತಲೆಯಲ್ಲಿ ತೂಗುಹಾಕುವುದು. ನೋಡಲು ಬಂದವರು ಗಡಿಗೆಯ ಬಾಯಿಗೆ ಕಿವಿಯಿಟ್ಟು ಕೇಳುವುದು. "ನೋಡಲು ಬಂದವರು ಕೇಳುವುದೇ?" ಎಂದು ನಾನು ಕ್ರಿಯಾಪದವನ್ನು ತಿದ್ದಲು ಹೋದೆ. ಆಧುನಿಕ ಕಲೆಗೆ ಅದರ ಪರಿವೆ ಇರಲಿಲ್ಲ.

ಕಾಳಿನ ವ್ಯಾಪಾರಿ ಬಸಣ್ಣ ಕಾಕಾ ಮೆಣಸಿನಕಾಯಿ ಮಾರಿ ಖಾಲಿಯಾಗಿದ್ದ ತಮ್ಮ ವಖಾರವನ್ನು, ಎಂದರೆ ಗೋದಾಮನ್ನು, ಬಿಟ್ಟುಕೊಟ್ಟರು. "ನಮಗ್ಯಾತರ ಅಂಜಿಕಿ ಬೇ ತಂಗಿ?" ಎಂದು ಅವರು ದೊಡ್ಡದಾಗಿ ನಗುತ್ತಿರುವಾಗಲೇ ಮೊಬೈಲು ರಿಂಗಾಯಿತು. ಗುರುತಿಲ್ಲದ ನಂಬರು. ಕಾಕಾ ಅದನ್ನು ಚೇಳನ್ನು ಮುಚ್ಚುವಂತೆ ಟವೆಲಿನಿಂದ ಮುಚ್ಚಿದರು. ಊರಿನ ಗಂಡಸರೆಲ್ಲ ಹೀಗೆಯೇ ಎದುರಿಗೆ ಅಂಜಿಕೆಯಿಲ್ಲ ಎಂದು, ಆಮೇಲೆ ಒಬ್ಬೊಬ್ಬರೇ ಬಂದು ವಿದ್ಯಾಳ ಮೊಬೈಲಿನ ಮುಂದೆ ಪಿಸುಗುಟ್ಟಿ ಹೋದರು. ಹೆಂಗಸರು ಮಾತ್ರ ಕಾಯಿಪಲ್ಲೆ ಬಿಡಿಸುತ್ತ ಸಲೀಸಾಗಿ ಹೇಳಿದರು. ನಾನು ಪಿಸುಗುಟ್ಟುವ ಜಾತಿಯವನಲ್ಲ. ಸಮಾಜದಲ್ಲಿ ಮೌಲ್ಯಗಳ ಅಧಃಪತನವಾಗುತ್ತಿರುವುದೇ ನನ್ನ ಭಯ ಎಂದು, ಗಂಟಲು ಸರಿಮಾಡಿಕೊಂಡು, ಮುನ್ನುಡಿ ಉಪಸಂಹಾರಗಳ ಸಮೇತ ಮಾತಾಡಿದೆ. ವಿದ್ಯಾ "ಚಲೋ ಐತ್ರಿ ಮಾಮಾ" ಎಂದಳು, ನನ್ನ ಮುಖ ನೋಡದೆ.

ಸಂತೆಯ ದಿನ ಪ್ರದರ್ಶನ ತೆರೆಯಿತು. ಧಾರವಾಡದಿಂದ ಕಲಾವಿದರೂ ಬಂದಿದ್ದರು. ಒಳಗೆ ಹೋದವರೆಲ್ಲ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಡ್ಡದ ಕಲಾವಿದರೊಬ್ಬರು "ಇಷ್ಟು ಮನ ಕಲಕಿದ ಕೃತಿ ಇತ್ತೀಚೆಗೆ ನೋಡಿಲ್ಲ" ಎಂದರು. ಅದು ವಖಾರದಲ್ಲಿ ಉಳಿದ ಮೆಣಸಿನಕಾಯಿ ಘಾಟು ಎಂದು ಹೇಳುವಷ್ಟು ಒರಟ ನಾನಲ್ಲ.

ಹೆಸರಿಲ್ಲದಿದ್ದರೆ ಗುರುತು ಸಿಗುವುದಿಲ್ಲ ಎಂಬುದು ದೊಡ್ಡ ಊರಿನ ಲೆಕ್ಕಾಚಾರ. ನಮ್ಮೂರಿನಲ್ಲಿ ಕೆಮ್ಮಿದರೂ ಯಾರೆಂದು ತಿಳಿಯುತ್ತದೆ. "ಯಪ್ಪಾ, ಇದು ಬಸಣ್ಣ ಕಾಕಾ!" ಎಂದು ಯಾರೋ ಕಿರುಚಿದರು. ಗಡಿಗೆಯೊಳಗೆ ಕಾಕಾ ಹೇಳುತ್ತಿದ್ದರು: "ಫೋನ್ ಬಂದ್ರ ಎದಿ ಧಡ್ ಅಂತೈತಿ. ಎತ್ತಿದ್ರೂ ಅಂಜಿಕಿ, ಎತ್ತದಿದ್ರೂ ಅಂಜಿಕಿ." ನನ್ನ ಗಡಿಗೆಗೆ ಒಬ್ಬ ಮುದುಕ ಮಾತ್ರ ಕಿವಿ ಕೊಟ್ಟಿದ್ದ. "ವಾರ್ತೆ ಓದಾಕತ್ತಾರ್ರಿ. ಮಳಿ ಸುದ್ದಿ ಇನ್ನೂ ಬಂದಿಲ್ಲ" ಎಂದ.

ಮೂಲೆಯ ಗಡಿಗೆಯೊಂದರ ಸುತ್ತ ಹೆಂಗಸರು ಮುಗಿಬಿದ್ದಿದ್ದರು. ಕಿವಿಯಿಟ್ಟವರು ಮೊದಲು ನಗುತ್ತಿದ್ದರು, ಆಮೇಲೆ ತಲೆಯಾಡಿಸುತ್ತ ಪಕ್ಕದವಳನ್ನು ಗಡಿಗೆಯತ್ತ ತಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ದಾರಿ ಬಿಟ್ಟರು. ಕಿವಿಯಿಟ್ಟೆ. ಶಾಂತಾ!

"ನಮ್ಮ ಮನಿಯವರು ಇನ್ನ ರಿಟೈರ್ ಆಗತಾರ್ರಿ. ದಿನಾಪೂರ್ತಿ ಮನ್ಯಾಗ ಇರತಾರ. ಡಬ್ಬಿ ಮುಚ್ಚಳಾ ತಗದು ಬ್ಯಾಳಿ ಯಾಕ ಇಲ್ಲೈತಿ, ಅಕ್ಕಿ ಯಾಕ ಅಲ್ಲೈತಿ ಅಂತ ಕೇಳತಾರ. ನಾ ಮಾತಾಡಿದ್ರ ವ್ಯಾಕರಣ ತಿದ್ದತಾರ. ಅವರು ಸಾಲಿಗೆ ಹೋದ ಮ್ಯಾಲೆ ಮಧ್ಯಾಹ್ನ ಹಿತ್ತಲದಾಗ ಸುಮ್ನ ಕುಂದರತೀನ್ರಿ ನಾನು. ಏನೂ ಮಾಡಂಗಿಲ್ಲ. ಮದಿವಿ ಆದಾಗಿಂದ ಅದೊಂದ ನನ್ನ ಸ್ವಂತದ್ದು. ಅದೂ ಹೋಗತೈತಿ ಅಂತ ಅಂಜಿಕಿ."

ಮನೆಗೆ ಬಂದು ಗುಡುಗಿದೆ. "ಊರ ಮುಂದ ನನ್ನ ಮರ್ಯಾದಿ ತಗದಿ!"

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೆಸರು ಹೇಳಿಲ್ಲಲ್ರಿ ನಾನು. ನಿಮಗ ಹೇಳಿದ್ರ ಕೇಳತಿದ್ರೇನು?"

"ಕೇಳತಿದ್ದೆ!"

"ಕೇಳೂಕಿಂತ ಮೊದಲ ಉತ್ತರಾ ಹೇಳತಿದ್ರಿ."

ಇದಕ್ಕೂ ಒಂದು ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವಳು ಸುಮ್ಮನೆ ಕೂಡುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ. ಅವಳು ಕೂತದ್ದನ್ನು ಕಂಡ ನೆನಪೂ ನನಗಿರಲಿಲ್ಲ. ಅದು ಕೋಪಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ವಿದ್ಯಾಳ ಹತ್ತಿರ ಹೋಗಿ, ನನ್ನ ಗಡಿಗೆಯ ಭಾಷಣ ತೆಗೆದುಹಾಕು ಎಂದೆ. ಅವಳು ಮೊಬೈಲು ನನ್ನ ಮುಂದಿಟ್ಟು ಹೊರಗೆ ಹೋದಳು. ಈ ಸಲ ಗಂಟಲು ಸರಿಮಾಡಿಕೊಳ್ಳಲು ನೆನಪಾಗಲಿಲ್ಲ. "ನಾ ಒಳಗ ಬಂದ್ರ ಗದ್ದಲಾ ನಿಂದರತಿತ್ತು. ಇನ್ನ ನಾ ಎಲ್ಲಿ ಹೋದ್ರೂ ಗದ್ದಲಾ ಹಂಗ ನಡದಿರತೈತಿ. ಮನ್ಯಾಗ ಕುಂತು ಡಬ್ಬಿ ಎಣಿಸದ ಮತ್ತೇನ್ ಮಾಡಲಿ, ನನಗ ಗೊತ್ತಿಲ್ಲ" ಎಂದೆ. ಅಷ್ಟೇ. ವ್ಯಾಕರಣದ ಕಡೆ ಗಮನ ಇರಲಿಲ್ಲ.

ಸಂಜೆ ಶಾಂತಾ ಆ ಗಡಿಗೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. ಹೊರಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ಘಾಟಿನ ಮಾತು ನನಗೆ ಹೊಳೆಯಲೇ ಇಲ್ಲ. ದಾರಿಯಲ್ಲಿ ಅವಳು ಮೆಲ್ಲಗೆ ಹೇಳಿದಳು: "ಮನ್ಯಾಗ ಇರ್ರಿ. ಯಾರ್ ಬ್ಯಾಡಂದ್ರು? ಡಬ್ಬಿ ಎಲ್ಲೆಲ್ಲಿ ಅದಾವ ತೋರಸತೀನಿ. ಆದ್ರ ಊಟಾ ಆದ ಮ್ಯಾಲೆ ಚಾದ ಹೊತ್ತಿನ ತನಕ ಎಲ್ಲೆರ ಹೊರಗ ಹೋಗಿ ಬರ್ರಿ."

ನಾನು ಈಗ ನಿವೃತ್ತ. ಒಪ್ಪಂದದಂತೆ ಊಟ ಮುಗಿಸಿ ರೈಲ್ವೆ ಸ್ಟೇಶನ್ನಿನ ಕಡೆ ನಡೆಯುತ್ತೇನೆ. ಅಲ್ಲಿ ಬೇವಿನ ಮರದ ಕೆಳಗೆ ಊರಿನ ಹಿರಿಯರು ಸಾಲಾಗಿ ಕೂತಿರುತ್ತಾರೆ. ಇವರೆಲ್ಲ ರೈಲಿಗೆ ಕಾಯುವವರೆಂದೇ ತಿಳಿದಿದ್ದೆ. ಎಷ್ಟು ರೈಲು ಬಂದು ಹೋದರೂ ಯಾರೂ ಏಳುತ್ತಿರಲಿಲ್ಲ; ಚಹಾದ ಹೊತ್ತಾದರೆ ಮಾತ್ರ ಎಲ್ಲರೂ ಎದ್ದು ಮನೆಯ ದಾರಿ ಹಿಡಿಯುತ್ತಿದ್ದರು. ಯಾಕೆ ಬಂದಿರೆಂದು ಒಬ್ಬರನ್ನು ಕೇಳಿದರೆ, "ಗಾಳಿಗೆ ಬಂದೇನ್ರಿ" ಎಂದರು. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. "ನೀವ್ರಿ, ಮಾಸ್ತರ?" ಎಂದು ಅವರು ತಿರುಗಿ ಕೇಳಿದರು.

"ನಾನೂ ಗಾಳಿಗೇ ಬಂದೇನ್ರಿ" ಎಂದು ಅವರ ಬಾಜು ಕೂತೆ.